ಸರ್ಕಾರಿ ಶಾಲೆಯಲ್ಲಿ ವರ್ತನಾ ಚಿಕಿತ್ಸೆ: ಯಾರು ಮಾಡಬಹುದು, ಏನು ಮಾಡಬಾರದು, ಪಾಲಕರು ಏನು ಕೇಳಬೇಕು

"ನಿಮ್ಮ ಹುಡುಗ ಒಂದ್ ಕಡಿ ಕುಂದ್ರಂಗಿಲ್ಲ, ಬ್ಯಾರೆ ಹುಡುಗರಿಗಿ ಹೊಡಿತಾನ. ಎಲ್ಲ್ಯಾರ ತೋರಿಸ್ಕೊಂಡ್ ಬರ್ರಿ." ಸರ್ಕಾರಿ ಶಾಲೆಯ ಮಾಸ್ತರರು ಹೀಗೆ ಹೇಳಿ ಕಳಿಸಿದ ಮೇಲೆ ಪಾಲಕರ ಅಲೆದಾಟ ಶುರುವಾಗುತ್ತದೆ. ಯಾರಿಗೆ ತೋರಿಸಬೇಕು, ತೋರಿಸಿದವರು ಏನು ಮಾಡುತ್ತಾರೆ, ಅವರಿಗೆ ಅದನ್ನು ಮಾಡುವ ಅರ್ಹತೆ ಇದೆಯೇ ಎಂಬುದನ್ನು ಹೇಳುವವರು ಸಿಗುವುದಿಲ್ಲ. ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ ಹೋಬಳಿ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡಿದೆ. ದೊಡ್ಡ ಆಸ್ಪತ್ರೆಯ ಕೆಲಸ ಬಿದ್ದರೆ ಒಂದಿಷ್ಟು ಜನ ಕಲಬುರಗಿಗೆ ಹೋಗುತ್ತಾರೆ, ಇನ್ನೊಂದಿಷ್ಟು ಜನ ಸೋಲಾಪುರದ ಬಸ್ಸು ಹತ್ತುತ್ತಾರೆ. ಎರಡೂ ಊರುಗಳಲ್ಲಿ, ಜೊತೆಗೆ ಮೊಬೈಲಿನ ಜಾಹೀರಾತುಗಳಲ್ಲಿ, "ಬಿಹೇವಿಯರ್ ಥೆರಪಿ", "ಎಬಿಎ ಥೆರಪಿ" ಎಂಬ ಹೆಸರು ಕಿವಿಗೆ ಬೀಳುತ್ತದೆ.

ಈ ಲೇಖನದ ತಿರುಳು ಇಷ್ಟು: ಮಗುವಿನ ವರ್ತನೆಯನ್ನು ತಿದ್ದುತ್ತೇನೆಂದು ಮುಂದೆ ಬರುವವರು ಶಾಲೆಯವರಿರಲಿ, ಸರ್ಕಾರದವರಿರಲಿ, ಖಾಸಗಿಯವರಿರಲಿ, ಪಾಲಕರಿಗೆ ಲೆಕ್ಕ ಕೊಡಬೇಕು. ಆ ಲೆಕ್ಕ ಕೇಳಲು ಬೇಕಾದ ಕಾನೂನು ನಮ್ಮಲ್ಲಿದೆ. ಅದನ್ನು ಬಳಸುವ ದಾರಿ ಇಲ್ಲಿದೆ.

ವರ್ತನಾ ವಿಶ್ಲೇಷಣೆ ಎಂದರೇನು?

ಮಗು ಮಾಡುವ ಕೆಲಸಕ್ಕೆ ಒಂದು ಹಿಂದು, ಒಂದು ಮುಂದು ಇರುತ್ತದೆ. ಹಿಂದೆ ಏನೋ ನಡೆದಿರುತ್ತದೆ, ಮಗು ಏನೋ ಮಾಡುತ್ತದೆ, ಅದರಿಂದ ಅದಕ್ಕೆ ಏನೋ ಸಿಗುತ್ತದೆ ಅಥವಾ ಏನೋ ತಪ್ಪುತ್ತದೆ. ಈ ಮೂರನ್ನೂ ಪದೇಪದೇ ಬರೆದಿಟ್ಟು, ಮಗು ಹಾಗೇಕೆ ಮಾಡುತ್ತದೆ ಎಂದು ಕಂಡುಕೊಂಡು, ಸುತ್ತಲಿನ ಸಂಗತಿಗಳನ್ನು ಬದಲಿಸಿ ಹೊಸ ರೂಢಿ ಕಲಿಸುವುದೇ ವರ್ತನಾ ವಿಶ್ಲೇಷಣೆ. ಜಾಹೀರಾತಿನ "ಎಬಿಎ" ಎಂದರೆ ಇದೇ. ಸಾಮಾನ್ಯವಾಗಿ ನಾಲ್ಕು ಕಾರಣಗಳು ಸಿಗುತ್ತವೆ: ಗಮನ ಸೆಳೆಯುವುದು, ಬೇಡದ ಕೆಲಸದಿಂದ ತಪ್ಪಿಸಿಕೊಳ್ಳುವುದು, ಬೇಕಾದ ವಸ್ತು ಪಡೆಯುವುದು, ದೇಹಕ್ಕೆ ಹಿತವೆನಿಸುವುದು. ಕಚ್ಚುವ ಇಬ್ಬರು ಮಕ್ಕಳಲ್ಲಿ ಒಬ್ಬ ಪಾಠ ತಪ್ಪಿಸಲು ಕಚ್ಚುತ್ತಿರಬಹುದು, ಇನ್ನೊಬ್ಬ ಗದ್ದಲ ತಾಳಲಾರದೆ. ಇಬ್ಬರಿಗೂ ಒಂದೇ ಮದ್ದು ನಡೆಯುವುದಿಲ್ಲ.

ಆಟಿಸಂ ಇರುವ ಮಕ್ಕಳಿಗೆ ಈ ಪದ್ಧತಿ ಪ್ರಸಿದ್ಧವಾದದ್ದು ಅಮೆರಿಕದ ಮನೋವಿಜ್ಞಾನಿ ಐವಾರ್ ಲೋವಾಸ್ ಅವರ 1987ರ ಅಧ್ಯಯನದಿಂದ. 19 ಮಕ್ಕಳಿಗೆ ವಾರಕ್ಕೆ 40 ಗಂಟೆ ತರಬೇತಿ ಕೊಟ್ಟು, ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಸಾಮಾನ್ಯ ತರಗತಿಯಲ್ಲಿ ಹೊಂದಿಕೊಂಡರು ಎಂದು ಅವರು ವರದಿ ಮಾಡಿದರು. ಇಂದಿಗೂ ಕೆಲವು ಕೇಂದ್ರಗಳು "ವಾರಕ್ಕೆ 40 ಗಂಟೆ" ಎನ್ನುವುದು ಅಲ್ಲಿಂದ ಬಂದದ್ದು. ಆ ಕಾಲದ ತರಬೇತಿಯಲ್ಲಿ ಗದರಿಕೆ, ಏಟು ಕೂಡ ಇದ್ದವು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಬೆಳೆದು ದೊಡ್ಡವರಾದ ಅನೇಕ ಆಟಿಸಂ ವ್ಯಕ್ತಿಗಳು ಈ ಪದ್ಧತಿಯ ಬಗ್ಗೆ ಕಟುವಾಗಿ ಬರೆದಿದ್ದಾರೆ: ಯಾರಿಗೂ ತೊಂದರೆ ಕೊಡದ ಕೈ ಆಡಿಸುವಿಕೆಯನ್ನೂ ನಿಲ್ಲಿಸಿ, "ಎಲ್ಲರ ಹಾಗೆ ಕಾಣುವುದನ್ನು" ಕಲಿಸಲಾಯಿತು ಎಂಬುದು ಅವರ ದೂರು. ಈ ಪದ್ಧತಿಗೆ ನಿಯಮದ ಬೇಲಿ ಬೇಕಾಗಿರುವುದು ಇದರಿಂದಲೇ.

ಭಾರತದಲ್ಲಿ ಇದು ಹೊಸತೇನಲ್ಲ. ಸಿಕಂದರಾಬಾದ್‌ನ ರಾಷ್ಟ್ರೀಯ ಬೌದ್ಧಿಕ ವಿಕಲಚೇತನರ ಸಂಸ್ಥೆಯಲ್ಲಿ (ಈಗಿನ ಹೆಸರು ನೀಪಿಡ್) ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಭಾರತೀಯ ಮಕ್ಕಳಿಗೆಂದೇ ಒಂದು ವರ್ತನಾ ಮಾಪನ ರೂಪಿಸಿದರು, ಶಿಕ್ಷಕರಿಗಾಗಿ ಕೈಪಿಡಿಯನ್ನೂ ಬರೆದರು. ಮಾಪನದ ಮೊದಲ ಭಾಗದಲ್ಲಿ ಊಟ, ಬಟ್ಟೆ, ಮಾತು, ಓದು, ಲೆಕ್ಕದಂಥ 280 ಕೌಶಲಗಳಿವೆ. ಎರಡನೇ ಭಾಗದಲ್ಲಿ ಹೊಡೆಯುವುದು, ರಚ್ಚೆ ಹಿಡಿಯುವುದು, ತನ್ನನ್ನು ತಾನೇ ಗಾಯ ಮಾಡಿಕೊಳ್ಳುವುದು ಮುಂತಾದ 75 ತೊಂದರೆಗಳಿವೆ. ಕೌಶಲಗಳ ಪಟ್ಟಿ ಮೊದಲು ಬಂದಿರುವುದನ್ನು ಗಮನಿಸಬೇಕು. ಮಗುವಿಗೆ ಏನು ಬರುತ್ತದೆ ಎಂದು ತಿಳಿಯದೆ ಏನು ಬಿಡಿಸಬೇಕು ಎಂದು ತೀರ್ಮಾನಿಸುವುದು ತಪ್ಪು.

ಮೊದಲು ದೇಹ, ಭಾಷೆ, ಭಯ

ವರ್ತನೆಯ ಮಾತಿಗೆ ಮುನ್ನ ಮೂರು ಸಂಗತಿ ನೋಡಿಕೊಳ್ಳಿ.

ಮೊದಲನೆಯದು ದೇಹ. ಕಿವಿ ಕೇಳದ ಮಗು ಕರೆದರೆ ತಿರುಗುವುದಿಲ್ಲ. ಕಣ್ಣು ಕಾಣದ ಮಗು ಹಲಗೆ ನೋಡುವುದಿಲ್ಲ. ಹಲ್ಲುನೋವು, ಮಲಬದ್ಧತೆ, ರಕ್ತಹೀನತೆ, ನಿದ್ದೆಗೇಡು, ಕೆಲವು ಕ್ಷಣ ಶೂನ್ಯದಲ್ಲಿ ದಿಟ್ಟಿಸುವಂತೆ ಮಾಡುವ ಫಿಟ್ಸ್: ಇವೆಲ್ಲ ಹೊರಗಿನಿಂದ ಹಠದಂತೆಯೇ ಕಾಣುತ್ತವೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ 2 ಸಲ, ಸರ್ಕಾರಿ ಶಾಲೆಗೆ 1 ಸಲ ಬರಬೇಕು. ಬೆಳವಣಿಗೆ ಕುಂಠಿತವಾಗಿರುವುದನ್ನು ಗುರುತಿಸುವುದೂ ಆ ತಂಡದ ಕೆಲಸ. ಯಾವ ದಿನ ಬರುತ್ತಾರೆ ಎಂದು ಮುಖ್ಯ ಗುರುಗಳನ್ನು ಕೇಳಿಟ್ಟುಕೊಂಡು, ಆ ದಿನ ಕೂಲಿ ಬಿಟ್ಟಾದರೂ ನೀವೇ ಹಾಜರಿರಿ. ಮನೆಯಲ್ಲಿ ಕಂಡದ್ದನ್ನು ಹೇಳುವವರು ನೀವೇ.

ಎರಡನೆಯದು ಭಾಷೆ. ಗಡಿಯ ಈ ಭಾಗದಲ್ಲಿ ಮನೆಮಾತು ಮರಾಠಿ, ಉರ್ದು, ಲಂಬಾಣಿ ಆಗಿದ್ದು, ಶಾಲೆಯ ಮಾತು ಕನ್ನಡವಾಗಿರುವ ಮಕ್ಕಳು ಬಹಳ. ಒಂದನೇ ತರಗತಿಯಲ್ಲಿ ಸೂಚನೆ ಅರ್ಥವಾಗದೆ ಎದ್ದು ಓಡಾಡುವ ಮಗುವಿಗೆ "ಬುದ್ಧಿಮಾಂದ್ಯ" ಎಂಬ ಹಣೆಪಟ್ಟಿ ಬೀಳಬಾರದು. ಬುದ್ಧಿಮಟ್ಟದ ಪರೀಕ್ಷೆ ಮಾಡುವವರಿಗೆ ಮನೆಮಾತು ಯಾವುದೆಂದು ಮೊದಲೇ ಹೇಳಿ, ಆ ಭಾಷೆಯಲ್ಲೇ ಪರೀಕ್ಷಿಸಲು ಕೇಳಿ.

ಮೂರನೆಯದು ಭಯ. ನಿನ್ನೆವರೆಗೆ ಸರಿಯಿದ್ದ ಮಗು ಇದ್ದಕ್ಕಿದ್ದಂತೆ ಶಾಲೆಗೆ ಹೋಗಲು ಒಲ್ಲೆ ಎಂದರೆ, ಹಾಸಿಗೆ ಒದ್ದೆ ಮಾಡತೊಡಗಿದರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡು ನಡುಗಿದರೆ, ಚಿಕಿತ್ಸೆಯ ಮಾತಿಗಿಂತ ಮೊದಲು ಮಗುವಿಗೆ ಯಾರಾದರೂ ಕಿರುಕುಳ ಕೊಟ್ಟಿದ್ದಾರೆಯೇ ಎಂದು ನೋಡಬೇಕು. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಕೆಲಸ ಮಾಡುತ್ತದೆ.

ಸರ್ಕಾರಿ ವ್ಯವಸ್ಥೆಯಲ್ಲಿ ಯಾರನ್ನು ಹಿಡಿಯಬೇಕು

ನಮ್ಮ ಹಳ್ಳಿ ಶಾಲೆಗಳಲ್ಲಿ ವರ್ತನಾ ವಿಶ್ಲೇಷಕ ಎಂಬ ಹುದ್ದೆ ಇಲ್ಲ. ಇರುವ ವ್ಯವಸ್ಥೆ ಸಮಗ್ರ ಶಿಕ್ಷಣ ಯೋಜನೆಯ ಸಮನ್ವಯ ಶಿಕ್ಷಣ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಎಂದು ಕರೆಯುವ ವಿಶೇಷ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಆಳಂದದ ಬಿಆರ್‌ಸಿಗೆ ಹೋಗಿ ಇವರನ್ನು ಕೇಳಿ. ಮಗುವನ್ನು ಗುರುತಿಸುವುದು, ವೈದ್ಯಕೀಯ ಮೌಲ್ಯಾಂಕನ ಶಿಬಿರಕ್ಕೆ ಕರೆಸುವುದು, ತರಗತಿ ಶಿಕ್ಷಕರಿಗೆ ದಾರಿ ತೋರಿಸುವುದು, ಶಾಲೆಗೆ ಬರಲಾಗದ ತೀವ್ರ ವೈಕಲ್ಯದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಏರ್ಪಡಿಸುವುದು ಇವರ ಕೆಲಸದ ಭಾಗ. ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿನ ಲೆಕ್ಕದಲ್ಲಿ ವರ್ಷಕ್ಕೆ 3,500 ರೂಪಾಯಿವರೆಗೆ ಖರ್ಚಿಗೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಶಿಷ್ಯವೇತನಕ್ಕೆ ಯೋಜನೆಯಲ್ಲಿ ಅವಕಾಶವಿದೆ.

ತೊಡಕು ಜನರ ಕೊರತೆಯದು. ಹತ್ತಾರು ಶಾಲೆಗಳಿಗೆ ಓಡಾಡುವ ಒಬ್ಬ ಶಿಕ್ಷಕರು ಒಂದು ಮಗುವಿನ ಪಕ್ಕ ಕೂರುವುದು ಅಪರೂಪ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಈ ಪ್ರಶ್ನೆ ಎತ್ತಿಕೊಂಡಿತು. ನಂತರ ಕೇಂದ್ರ ಸರ್ಕಾರ 2022ರಲ್ಲಿ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬ ಪ್ರಮಾಣ ಗೊತ್ತುಪಡಿಸಿತು. 2025ರ ಮಾರ್ಚ್‌ನಲ್ಲಿ ಕೋರ್ಟ್ ಮತ್ತೆ ಎಲ್ಲ ರಾಜ್ಯಗಳಿಗೂ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸುವಂತೆ ಹೇಳಿತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಬರೆಯುವಾಗ "ನಮ್ಮ ಕ್ಲಸ್ಟರಿನಲ್ಲಿ ಇಂಥ ಮಕ್ಕಳು ಇಷ್ಟಿದ್ದಾರೆ, ವಿಶೇಷ ಶಿಕ್ಷಕರು ಇಷ್ಟಿರಬೇಕು" ಎಂದು ಈ ಪ್ರಮಾಣವನ್ನೇ ಹಿಡಿದು ಕೇಳಿ. ಒಬ್ಬ ಪಾಲಕರ ಅರ್ಜಿಗಿಂತ ನಿರ್ಣಯದ ಪ್ರತಿಗೆ ಬೆಲೆ ಹೆಚ್ಚು.

ಶಾಲೆಯ ಹೊರಗೆ ಇನ್ನೂ ಕೆಲವರಿದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯು ಎಂಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ, ಪ್ರಮಾಣಪತ್ರದ ಕೆಲಸಕ್ಕೆ ನೆರವಾಗುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುವ ಪದ್ಧತಿಯಿದೆ. ಯಾವ ಮಂಗಳವಾರ ಆಳಂದಕ್ಕೆ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. ಮನಸ್ಸಿನ ಆರೋಗ್ಯದ ಸಲಹೆಗೆ 14416 ಟೆಲಿಮಾನಸ್ ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಮಾಣಪತ್ರ: ಯಾವುದಕ್ಕೆ ಸಿಗುತ್ತದೆ, ಯಾವುದಕ್ಕಿಲ್ಲ

2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016 ಒಟ್ಟು 21 ವೈಕಲ್ಯಗಳನ್ನು ಗುರುತಿಸಿದೆ. ವರ್ತನೆಯ ತೊಂದರೆಯೊಂದಿಗೆ ಹೆಚ್ಚಾಗಿ ಕಾಣುವ ಆಟಿಸಂ, ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಆ ಪಟ್ಟಿಯಲ್ಲಿವೆ. ಅತಿ ಚಟುವಟಿಕೆಯ ಎಡಿಎಚ್‌ಡಿ ಪಟ್ಟಿಯಲ್ಲಿಲ್ಲ. ಎಡಿಎಚ್‌ಡಿ ಒಂದೇ ಇದ್ದರೆ ವೈಕಲ್ಯ ಪ್ರಮಾಣಪತ್ರ ಸಿಗಲಿಕ್ಕಿಲ್ಲ. ಆದರೆ ಹೊಡೆಯದೆ, ಹೊರಹಾಕದೆ ಕಲಿಸುವ ಶಾಲೆಯ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ.

ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಅರ್ಜಿ ಹಾಕಿದರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ನಮಗೆ ಅದು ಕಲಬುರಗಿಯ ಜಿಮ್ಸ್. ಆಟಿಸಂ ಅಳೆಯಲು ಐಎಸ್‌ಎಎ ಎಂಬ ಭಾರತೀಯ ಮಾಪನ ಬಳಸುತ್ತಾರೆ. ಅದರಲ್ಲಿ 40 ಅಂಶಗಳಿವೆ. 70ಕ್ಕಿಂತ ಕಡಿಮೆ ಅಂಕ ಬಂದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಶೇ 40 ಅಥವಾ ಹೆಚ್ಚು ವೈಕಲ್ಯವಿದ್ದರೆ ಹೆಚ್ಚಿನ ಸೌಲಭ್ಯಗಳಿಗೆ ಅರ್ಹತೆ ಸಿಗುತ್ತದೆ. ಕಲಿಕಾ ನ್ಯೂನತೆಯ ತಪಾಸಣೆ ಮಗುವಿಗೆ 8 ವರ್ಷ ತುಂಬಿದ ಮೇಲೆ, ಅಂದರೆ ಮೂರನೇ ತರಗತಿಯ ಹೊತ್ತಿಗೆ. ಪ್ರಮಾಣಪತ್ರ ದೇಶದಾದ್ಯಂತ ನಡೆಯುತ್ತದೆ. ಆದ್ದರಿಂದ ಸುಗ್ಗಿ ಮುಗಿದ ಮೇಲೆ ಪುಣೆ, ಮುಂಬೈಗೆ ದುಡಿಯಲು ಹೋಗುವ ಕುಟುಂಬಗಳು ಅದನ್ನು ಟ್ರಂಕಿನಲ್ಲಿ ಬಿಟ್ಟು ಹೋಗದೆ ಜೊತೆಗೆ ಒಯ್ಯಬೇಕು.

ಹೆಚ್ಚಿನ ತಪಾಸಣೆ ಬೇಕೆಂದರೆ ಮೂರು ಸರ್ಕಾರಿ ಸಂಸ್ಥೆಗಳಿವೆ: ಸಿಕಂದರಾಬಾದ್‌ನ ನೀಪಿಡ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್. ಕಲಬುರಗಿಯಿಂದ ರೈಲು ಹಿಡಿದರೆ ಬೆಂಗಳೂರಿಗಿಂತ ಸಿಕಂದರಾಬಾದ್ ಎಷ್ಟೋ ಹತ್ತಿರ.

ಯಾರಿಗೆ ಅಧಿಕಾರ? ನೋಂದಣಿ ನೋಡುವ ಬಗೆ

ಪಾಲಕರು ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ. ಗೋಡೆಯ ಮೇಲೆ ತೂಗುಹಾಕಿದ ಎಲ್ಲ ಸರ್ಟಿಫಿಕೇಟ್‌ಗಳೂ ಒಂದೇ ತೂಕದವಲ್ಲ.

ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, 1992ರ ಕಾಯ್ದೆಯಿಂದ ಬಂದದ್ದು. ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟರು, ಪುನರ್ವಸತಿ ಮನೋವಿಜ್ಞಾನಿಗಳು, ವಾಕ್-ಶ್ರವಣ ತಜ್ಞರು ಇದರ ಕೇಂದ್ರ ಪುನರ್ವಸತಿ ದಾಖಲೆಯಲ್ಲಿ ಹೆಸರು ನೋಂದಾಯಿಸಿಕೊಂಡಿರಲೇಬೇಕು. ಆ ನೋಂದಣಿಗೆ ಸಿಆರ್‌ಆರ್ ಸಂಖ್ಯೆ ಎನ್ನುತ್ತಾರೆ. ಅದು ಕಾಲಕಾಲಕ್ಕೆ ನವೀಕರಣವಾಗಬೇಕು. ಪರಿಷತ್ತಿನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ನಿಮಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಮನೆಯ ಹುಡುಗರಿಗೆ ಹೇಳಿ ನೋಡಿಸಿ.

ವರ್ತನಾ ವಿಶ್ಲೇಷಕರು ಈ ಆರ್‌ಸಿಐ ಪಟ್ಟಿಯಲ್ಲಿ ಪ್ರತ್ಯೇಕ ವರ್ಗವಾಗಿ ಇಲ್ಲ. ಬಹಳ ವರ್ಷ ಈ ಹೆಸರಿನಲ್ಲಿ ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಲು ಸಾಧ್ಯವಾದದ್ದಕ್ಕೆ ಇದೂ ಒಂದು ಕಾರಣ. 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆ ಆ ಸಂದನ್ನು ಮುಚ್ಚುವ ಮೊದಲ ಹೆಜ್ಜೆ. ಅದರ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನದ ವೃತ್ತಿಗಳ ಕೆಳಗೆ ವರ್ತನಾ ವಿಶ್ಲೇಷಕರ ಹೆಸರು ಸ್ಪಷ್ಟವಾಗಿದೆ. ಫಿಸಿಯೋಥೆರಪಿಸ್ಟರು, ಆಕ್ಯುಪೇಶನಲ್ ಥೆರಪಿಸ್ಟರು ಕೂಡ ಇದೇ ಕಾಯ್ದೆಯೊಳಗೆ ಬರುತ್ತಾರೆ. ಕಾಯ್ದೆ ಹೇಳುವುದು ರಾಜ್ಯಕ್ಕೊಂದು ಪರಿಷತ್ತು, ವೃತ್ತಿಗೊಂದು ನೋಂದಣಿ. ಆದ್ದರಿಂದ ಎಬಿಎ ಕೇಂದ್ರಕ್ಕೆ ಕಾಲಿಟ್ಟಾಗ "ಈ ಕಾಯ್ದೆಯಡಿ ನಿಮ್ಮ ನೋಂದಣಿ ಯಾವ ಹಂತದಲ್ಲಿದೆ?" ಎಂದು ಕೇಳುವ ಹಕ್ಕು ನಿಮಗಿದೆ.

ಕೆಲವರು ವಿದೇಶಿ ಅರ್ಹತೆ ತೋರಿಸುತ್ತಾರೆ. ಬಿಸಿಬಿಎ ಎಂಬುದು ಅಮೆರಿಕದ ಒಂದು ಖಾಸಗಿ ಪ್ರಮಾಣೀಕರಣ ಮಂಡಳಿ ಕೊಡುವ ಪದವಿ. ಆ ಮಂಡಳಿ 2023ರಿಂದ ಭಾರತದಲ್ಲಿ ನೆಲೆಸಿದವರ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಅದಕ್ಕೂ ಮುಂಚೆ ಪಡೆದವರು ಇಲ್ಲಿದ್ದಾರೆ, ಅವರಲ್ಲಿ ನುರಿತವರೂ ಇದ್ದಾರೆ. ಆದರೆ ಆ ಪದವಿ ಭಾರತದ ಕಾನೂನಿನ ನೋಂದಣಿಗೆ ಬದಲಿ ಆಗುವುದಿಲ್ಲ. ಎರಡು ದಿನದ ಆನ್‌ಲೈನ್ ಕೋರ್ಸಿನ ಕಾಗದಕ್ಕಂತೂ ಯಾವ ಬೆಲೆಯೂ ಇಲ್ಲ.

ಕೇಂದ್ರವನ್ನೂ ನೋಡಬೇಕು. ವಿಕಲಚೇತನರ ಆರೈಕೆ, ಶಿಕ್ಷಣ, ತರಬೇತಿಗೆ ಸಂಸ್ಥೆ ನಡೆಸುವವರು 2016ರ ಕಾಯ್ದೆಯ ಸೆಕ್ಷನ್ 50ರ ಪ್ರಕಾರ ನೋಂದಣಿ ಪ್ರಮಾಣಪತ್ರ ಪಡೆದಿರಬೇಕು. ಮಗುವನ್ನು ವಸತಿಗೆ ಬಿಡುವ ಮುಂಚೆ ಆ ಕಾಗದ ಕಣ್ಣಾರೆ ನೋಡದೆ ಮರಳಬೇಡಿ.

"ಪೂರ್ತಿ ವಾಸಿ ಮಾಡುತ್ತೇವೆ" ಎನ್ನುವವರಿಂದ ದೂರವಿರಿ. ಆಟಿಸಂ ವಾಸಿ ಮಾಡುವ ಮದ್ದಿಲ್ಲ. ಕಲಿಕೆ ಸುಧಾರಿಸುತ್ತದೆ, ಬದುಕು ಹಗುರವಾಗುತ್ತದೆ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಆಟಿಸಂಗೆ ಆ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಹೇಳಿದೆ.

ಯಾರೂ ಮಾಡಬಾರದ ಕೆಲಸಗಳು

ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 17 ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ವಿಕಲಚೇತನ ಮಗುವಿಗೆ, ಹಠಮಾರಿ ಮಗುವಿಗೆ ಎಂದು ವಿನಾಯಿತಿ ಇಲ್ಲ. "ಥೆರಪಿ" ಎಂದು ಕರೆದರೂ ಈ ಕೆಳಗಿನವು ಸಲ್ಲ:

– ಹೊಡೆಯುವುದು, ಚಿವುಟುವುದು, ಕಿವಿ ಹಿಂಡುವುದು, ಖಾರ ಮುಟ್ಟಿಸುವುದು.
– ಕುರ್ಚಿಗೆ, ಕಂಬಕ್ಕೆ ಕಟ್ಟುವುದು. ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕುವುದು.
– ಬಿಸಿಯೂಟ, ನೀರು, ಶೌಚಾಲಯವನ್ನು ಬಹುಮಾನ ಅಥವಾ ಶಿಕ್ಷೆಯಾಗಿ ಬಳಸುವುದು.
– ಬೇರೆ ಮಕ್ಕಳೆದುರು ಅಣಕಿಸುವುದು, ವಿಡಿಯೋ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು.
– ವೈದ್ಯರ ಚೀಟಿ ಇಲ್ಲದೆ ನಿದ್ದೆ ಬರುವ ಔಷಧ ಕೊಡುವುದು.

ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. "ಹಾಜರಿ ನಾವ್ ಹಾಕ್ತೀವಿ, ನೀವ್ ಕಳಸಬ್ಯಾಡ್ರಿ" ಎನ್ನುವುದೂ ಹೊರಹಾಕಿದ ಹಾಗೆಯೇ. ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತನಗೆ ಬೇಕಾದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವವರು ಪಾಲಕರು. ಶಾಲೆ ಅದನ್ನು ಹೇರುವಂತಿಲ್ಲ.

ಮಗು ತನ್ನನ್ನೋ ಇನ್ನೊಬ್ಬರನ್ನೋ ಗಾಯ ಮಾಡುವ ಗಳಿಗೆಯಲ್ಲಿ ತಡೆಯಲೇಬೇಕಾಗುತ್ತದೆ. ಅದು ಅಪಾಯ ತಪ್ಪುವವರೆಗೆ ಮಾತ್ರ, ನೋವಾಗದಂತೆ. ಅದೇ ದಿನ ಪಾಲಕರಿಗೆ ಹೇಳಿ, ದಾಖಲೆಯಲ್ಲಿ ಬರೆಯಬೇಕು.

ನಾಲ್ಕು ಕಾಲಮಿನ ನೋಟ್‌ಬುಕ್

ತಜ್ಞರು ಸಿಗುವವರೆಗೆ ಕಾಯಬೇಕಾಗಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮು ಎಳೆಯಿರಿ: ದಿನ-ಹೊತ್ತು, ಮುಂಚೆ ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಶಾಲೆಯಲ್ಲಿ ತರಗತಿ ಶಿಕ್ಷಕರು, ಮನೆಯಲ್ಲಿ ಅವ್ವ ಅಥವಾ ಅಕ್ಕ ಎರಡು ವಾರ ಬರೆಯಲಿ. "ಹಠ ಮಾಡಿದ", "ಕೆಟ್ಟದಾಗಿ ನಡೆದುಕೊಂಡ" ಎಂದು ಬರೆಯಬಾರದು. "ಕಿವಿ ಮುಚ್ಚಿಕೊಂಡು ಗೇಟಿನ ಕಡೆ ಓಡಿದ, 5 ನಿಮಿಷ" ಎಂದು ಕಣ್ಣಿಗೆ ಕಂಡದ್ದನ್ನು ಬರೆಯಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡನೇ ತರಗತಿಯ ಹುಡುಗ ದಿನಾ ಮಧ್ಯಾಹ್ನ ಪಕ್ಕದವರಿಗೆ ಹೊಡೆಯುತ್ತಾನೆ. ಎರಡು ವಾರದ ದಾಖಲೆ ತಿರುವಿದರೆ, ಹೊಡೆತಗಳೆಲ್ಲ ಬಿಸಿಯೂಟದ ಗಂಟೆ ಹೊಡೆದು ಎಲ್ಲರೂ ತಟ್ಟೆ ಬಡಿಯುತ್ತ ಸಾಲು ನಿಲ್ಲುವಾಗಲೇ ಬಿದ್ದಿವೆ. ಹೊಡೆದ ಕೂಡಲೇ ಅವನನ್ನು ಸಾಲಿನಿಂದ ತೆಗೆದು ಆಫೀಸು ಕೋಣೆಯಲ್ಲಿ ಕೂರಿಸುತ್ತಾರೆ. ಅಂದರೆ ಹೊಡೆದರೆ ಗದ್ದಲದಿಂದ ಬಿಡುಗಡೆ ಎಂದು ಅವನು ಕಲಿತಿದ್ದಾನೆ. ಇಲ್ಲಿ ಶಿಕ್ಷೆ ಕೆಲಸ ಮಾಡದು. ಗಂಟೆಗೆ 5 ನಿಮಿಷ ಮೊದಲೇ ಅವನನ್ನು ಊಟಕ್ಕೆ ಕರೆದೊಯ್ಯುವುದು, ಸಾಲಿನ ಕೊನೆಯ ಜಾಗ ಕೊಡುವುದು, "ಸಾಕು" ಎಂದು ಹೇಳಲು ಅಥವಾ ಒಂದು ಚಿತ್ರದ ಚೀಟಿ ತೋರಿಸಲು ಕಲಿಸುವುದು, ಹಾಗೆ ಕೇಳಿದ ಕೂಡಲೇ ಹೊರಗೆ ಬಿಡುವುದು: ಈ ಯಾವುದಕ್ಕೂ ದುಡ್ಡು ಬೇಕಿಲ್ಲ. ನಲಿ-ಕಲಿ ತರಗತಿಯ ಗುಂಪು ಚಟುವಟಿಕೆ, ಹಾಡು, ಓಡಾಟ ಕೂಡ ಕೆಲವು ಮಕ್ಕಳಿಗೆ ಇದೇ ಬಗೆಯ ಭಾರವಾಗುತ್ತದೆ. ಅಂಥವರಿಗೆ ಮೂಲೆಯಲ್ಲಿ ಒಂದು ಶಾಂತ ಜಾಗ ಗೊತ್ತುಮಾಡಿದರೆ ಅರ್ಧ ತೊಂದರೆ ಇಳಿಯುತ್ತದೆ.

ಈ ನೋಟ್‌ಬುಕ್ ಕಲಬುರಗಿಯ ವೈದ್ಯರಿಗೋ ಸಿಕಂದರಾಬಾದ್‌ನ ತಜ್ಞರಿಗೋ ತೋರಿಸಿದರೆ, ಹತ್ತು ನಿಮಿಷದ ಭೇಟಿಯಲ್ಲಿ ಅವರಿಗೆ ತಿಳಿಯಲಾಗದ್ದನ್ನು ಅದು ಹೇಳುತ್ತದೆ.

ಬರಹದಲ್ಲಿ ಯೋಜನೆ, ಸಹಿಯಲ್ಲಿ ಒಪ್ಪಿಗೆ

ಅಮೆರಿಕದಲ್ಲಿ 1997ರ ಕಾನೂನು ತಿದ್ದುಪಡಿಯ ನಂತರ, ವಿಕಲಚೇತನ ಮಗುವಿನ ವರ್ತನೆ ಕಲಿಕೆಗೆ ಅಡ್ಡಿಯಾದರೆ ಶಾಲೆಯೇ ಸಕಾರಾತ್ಮಕ ವರ್ತನಾ ನೆರವನ್ನು ಆಲೋಚಿಸಬೇಕಾಯಿತು. ದೀರ್ಘ ಕಾಲ ಹೊರಗಿಡುವ ಶಿಸ್ತುಕ್ರಮದಂಥ ಸಂದರ್ಭಗಳಲ್ಲಿ ವರ್ತನೆಯ ಕಾರಣವನ್ನು ಪರೀಕ್ಷಿಸುವುದೂ ಅದರ ಹೊಣೆಯಾಯಿತು. ನಮ್ಮಲ್ಲಿ ಅಷ್ಟು ಬಿಡಿಸಿ ಹೇಳಿದ ನಿಯಮವಿಲ್ಲ. ಆದರೆ 2016ರ ಕಾಯ್ದೆಯ ಸೆಕ್ಷನ್ 16 ಮಗುವಿನ ವೈಯಕ್ತಿಕ ಅಗತ್ಯಕ್ಕೆ ತಕ್ಕ ಅನುಕೂಲ ಮತ್ತು ನೆರವು ಕೊಡುವುದನ್ನು, ಪ್ರತಿ ವಿದ್ಯಾರ್ಥಿಯ ಪ್ರಗತಿ ಗಮನಿಸುವುದನ್ನು ಸರ್ಕಾರಿ ಮತ್ತು ಮಾನ್ಯತೆ ಪಡೆದ ಶಾಲೆಗಳ ಕರ್ತವ್ಯ ಮಾಡಿದೆ. ಆ ಆಧಾರದ ಮೇಲೆ ಒಂದು ಪುಟದ ಯೋಜನೆ ಕೇಳಿ. ಅದರಲ್ಲಿ ಇಷ್ಟಿರಲಿ:

– ಯಾವ ವರ್ತನೆ, ಈಗ ದಿನಕ್ಕೆ ಎಷ್ಟು ಸಲ.
– ಅದಕ್ಕೆ ಕಾರಣ ಏನೆಂದು ದಾಖಲೆಯಿಂದ ಕಂಡಿದೆ.
– ಅದರ ಬದಲಿಗೆ ಯಾವ ಕೌಶಲ ಕಲಿಸುತ್ತೀರಿ.
– ಯಾರು, ಯಾವ ಹೊತ್ತಿನಲ್ಲಿ, ಯಾವ ರೀತಿ.
– ಏನನ್ನು ಮಾಡುವುದಿಲ್ಲ.
– ಮತ್ತೆ ಸೇರಿ ನೋಡುವ ದಿನ. 6 ವಾರ ಮೀರದಿರಲಿ.
– ಶಿಕ್ಷಕರು, ಬಿಐಇಆರ್‌ಟಿ, ಪಾಲಕರ ಸಹಿ.

ಯೋಜನೆಯನ್ನು ಕನ್ನಡದಲ್ಲೇ ಬರೆಯಲು ಹೇಳಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವ ಮುನ್ನ ಪೂರ್ತಿ ಓದಿಸಿ ಕೇಳಬೇಕು. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂಬ ಸಾಲನ್ನೂ ಸೇರಿಸಿ. ಗುರಿಯನ್ನು ಆರಿಸುವಾಗ ಒಂದು ತಕ್ಕಡಿ ಇಟ್ಟುಕೊಳ್ಳಿ: ಇದರಿಂದ ಮಗುವಿಗೆ ಉಪಕಾರವೋ, ನೋಡುವವರ ಸಮಾಧಾನವೋ? ಶೌಚಕ್ಕೆ ಕೇಳುವುದು, ನೋವು ಹೇಳುವುದು, ರಸ್ತೆಗೆ ಓಡದಿರುವುದು ಮಗುವಿಗೆ ಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಕೈ ಆಡಿಸದೆ ಕೂರುವುದು ಸಾಮಾನ್ಯವಾಗಿ ನಮಗೆ ಬೇಕಾದವು.

ಖರ್ಚು, ಓಡಾಟ

ಶಕ್ತಿ ಯೋಜನೆಯಿಂದ ತಾಯಿಗೆ ಆಳಂದ, ಕಲಬುರಗಿಯ ಸಾಮಾನ್ಯ ಬಸ್ಸು ಉಚಿತ. ವಿಕಲಚೇತನರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ರಿಯಾಯಿತಿ ಪಾಸು ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಖರ್ಚು ಭರಿಸುತ್ತದೆ. ಆ ಮೊತ್ತದೊಳಗೆ ಥೆರಪಿಗೂ ಒಂದು ಪಾಲಿದೆ, ರಸೀದಿ ಇಟ್ಟುಕೊಂಡಿರಬೇಕು. ಖಾಸಗಿ ಕೇಂದ್ರದಲ್ಲಿ ವರ್ಷದ ದುಡ್ಡು ಒಮ್ಮೆಲೇ ಕಟ್ಟಬೇಡಿ. ತಿಂಗಳು ತಿಂಗಳು ಕಟ್ಟಿ, ಪ್ರತಿ ತಿಂಗಳೂ ದಾಖಲೆ ನೋಡಿ. ತಾಯಿಯನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುವ ಕೇಂದ್ರಕ್ಕಿಂತ, ಒಳಗೆ ಕರೆದು ಆಕೆಗೂ ಕಲಿಸುವ ಕೇಂದ್ರ ಮೇಲು. ತಿಂಗಳಿಗೆ ಒಮ್ಮೆ ಹೋಗಿಬರುವವರಿಗೆ ಮನೆಯಲ್ಲಿ ಮಾಡುವ ಅಭ್ಯಾಸವೇ ನಿಜವಾದ ಚಿಕಿತ್ಸೆ.

ಮಾತು ಕೇಳದಿದ್ದರೆ

ದೂರು ಬಾಯಿಮಾತಿನಲ್ಲಿ ಉಳಿಯಬಾರದು. ಮೊದಲು ಮುಖ್ಯ ಗುರುಗಳಿಗೆ, ಎಸ್‌ಡಿಎಂಸಿಗೆ ಬರೆದುಕೊಟ್ಟು ಇನ್ನೊಂದು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ನಂತರ ಆಳಂದದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಆಮೇಲೆ ಶಾಲಾ ಶಿಕ್ಷಣ ಇಲಾಖೆಯ ಕಲಬುರಗಿ ಉಪನಿರ್ದೇಶಕರು. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 32ರ ಪ್ರಕಾರ ಸ್ಥಳೀಯ ಪ್ರಾಧಿಕಾರ ಇಂಥ ದೂರನ್ನು 3 ತಿಂಗಳೊಳಗೆ ತೀರ್ಮಾನಿಸಬೇಕು. ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಹೋಗಬಹುದು. ವೈಕಲ್ಯದ ಕಾರಣಕ್ಕೆ ಪ್ರವೇಶ ನಿರಾಕರಿಸಿದರೆ ಅಥವಾ ನೆರವು ಕೊಡದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ಬರೆಯಬಹುದು; ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ಕೋರ್ಟಿನ ಅಧಿಕಾರ ಅವರಿಗಿದೆ. ಹಿಂಸೆ ನಡೆದಿದ್ದರೆ ಪೊಲೀಸರ ಜೊತೆಗೆ ತಾಲ್ಲೂಕು ದಂಡಾಧಿಕಾರಿಯಾದ ತಹಶೀಲ್ದಾರರಿಗೂ ದೂರು ಕೊಡಬಹುದು. ದೂರುವವರು ಪಾಲಕರೇ ಆಗಿರಬೇಕೆಂದಿಲ್ಲ, ಕಂಡವರು ಯಾರಾದರೂ ಆದೀತು.

ಮಾಸ್ತರರೊಂದಿಗೆ ಜಗಳವಾಡುವುದು ಇದರ ಉದ್ದೇಶವಲ್ಲ. ಎರಡು ಮೂರು ತರಗತಿ ಒಟ್ಟಿಗೆ ನೋಡಿಕೊಳ್ಳುವ ಶಿಕ್ಷಕರಿಗೂ ನೆರವು ಬೇಕು. ಪಾಲಕರೂ ಅವರೂ ಸೇರಿ ಸಹಿ ಮಾಡಿದ ಅರ್ಜಿ ಬಿಇಒ ಮೇಜಿನ ಮೇಲೆ ಬೇಗ ಚಲಿಸುತ್ತದೆ.

ಕೈಯಲ್ಲಿರಬೇಕಾದ ಆರು ಪ್ರಶ್ನೆ

1. ನಿಮ್ಮ ಪದವಿ ಯಾವುದು, ನೋಂದಣಿ ಸಂಖ್ಯೆ ಎಷ್ಟು?
2. ಮಗುವಿನ ಕಿವಿ, ಕಣ್ಣು, ಆರೋಗ್ಯ ತಪಾಸಣೆಯ ವರದಿ ನೋಡಿದ್ದೀರಾ?
3. ಏನನ್ನು ಕಲಿಸುತ್ತೀರಿ, ಏಕೆ? ಬರೆದುಕೊಡುತ್ತೀರಾ?
4. ಮಗು ಅತ್ತರೆ, ಒಲ್ಲೆ ಎಂದರೆ ಏನು ಮಾಡುತ್ತೀರಿ?
5. ನಾನು ಪಕ್ಕದಲ್ಲಿ ಕೂತು ನೋಡಬಹುದೇ?
6. ಎರಡು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ಏನನ್ನು ಬದಲಿಸುತ್ತೀರಿ?

ಒಳ್ಳೆಯ ತಜ್ಞರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಕೇಳುವ ಪಾಲಕರಿದ್ದರೆ ಅವರ ಅರ್ಧ ಕೆಲಸ ಹಗುರ. ನಾಲ್ಕನೆಯ ಮತ್ತು ಐದನೆಯ ಪ್ರಶ್ನೆಗೆ ನೇರ ಉತ್ತರ ಕೊಡದವರ ಬಳಿ, ಎಷ್ಟು ದೊಡ್ಡ ಹೆಸರಿದ್ದರೂ, ಮಗುವನ್ನು ಬಿಟ್ಟು ಬರಬೇಡಿ.